ಅವನು ಆ ಥರ ಅಲ್ವಾ?

ಫೋನಿನಲ್ಲಿ ನನ್ನನ್ನು ಎಲ್ಲರೂ ಮೇಡಂ ಅಂತಾರೆ. ಬ್ಯಾಂಕಿನವರು, ಕೊರಿಯರ್ ಹುಡುಗರು, ಇನ್ಶೂರೆನ್ಸ್ ಮಾರುವವರು. ಮೊದಮೊದಲು ತಿದ್ದುತ್ತಿದ್ದೆ. ಈಗ "ಹೂಂ, ಹೇಳಿ" ಅಂದು ಸುಮ್ಮನಾಗುತ್ತೇನೆ. ಒಮ್ಮೆ ಒಬ್ಬರು "ಸಾರ್‌ಗೆ ಫೋನ್ ಕೊಡಿ ಮೇಡಂ" ಅಂದರು. ಹತ್ತು ಸೆಕೆಂಡ್ ಬಿಟ್ಟು ಅದೇ ದನಿಯಲ್ಲಿ "ಹಲೋ, ನಾನೇ" ಅಂದೆ. "ಸಾರ್ ಇಲ್ವಾ ಮೇಡಂ?" ಅಂತ ಮತ್ತೆ ಕೇಳಿದರು.

ಬರೀ ದನಿ ಆಗಿದ್ದರೆ ಪರವಾಗಿರಲಿಲ್ಲ. ಕೂತರೆ ಮಂಡಿಯ ಮೇಲೆ ಮಂಡಿ ಬರುತ್ತದೆ. ಮಾತಾಡುವಾಗ ಬಾಯಿಗಿಂತ ಮೊದಲು ಕೈ ಓಡುತ್ತದೆ. ಇಸ್ತ್ರಿ ಇಲ್ಲದ ಬಟ್ಟೆ ಹಾಕಲಾರೆ. ವಯಸ್ಸು 43, ಮದುವೆಯಾಗಿಲ್ಲ. ಇಷ್ಟನ್ನು ಒಂದರ ಪಕ್ಕ ಒಂದು ಇಟ್ಟರೆ ಜನರಿಗೆ ಉತ್ತರ ಸಿಕ್ಕಿಬಿಡುತ್ತದೆ. ಆ ಉತ್ತರ ತಪ್ಪು. ನನಗೆ ಇಷ್ಟವಾಗುವುದು ಹೆಂಗಸರು. ಎರಡು ಸಲ ಪ್ರೀತಿಸಿದೆ, ಎರಡೂ ಸಲ ಕೈಗೂಡಲಿಲ್ಲ. ಆ ಕಥೆ ಬೇರೆ ದಿನಕ್ಕಿರಲಿ.

ಈಗ ನನ್ನ ರೂಮ್‌ಮೇಟ್ ವಿಷಯ. ಆರು ವರ್ಷ ಒಂದೇ ರೂಮಿನಲ್ಲಿ ಇದ್ದೆವು. ಎತ್ತರದ ಆಳು, ದಟ್ಟ ಗಡ್ಡ, ಗೋಡೆ ನಡುಗುವ ಹಾಗೆ ನಗು. ಭಾನುವಾರ ಬಂದರೆ ಬೈಕ್ ಬಿಚ್ಚಿ ಹರಡಿಕೊಂಡು ಕೂರುತ್ತಿದ್ದ. ಒಂದೇ ಟೀ ಶರ್ಟ್ ಮೂರು ದಿನ. ಅವನ ಬಗ್ಗೆ ಯಾರಿಗೂ ಯಾವತ್ತೂ ಒಂದು ಚೂರು ಅನುಮಾನ ಬಂದಿರಲಿಲ್ಲ.

ನಾವಿಬ್ಬರೂ ಆಗ ಒಂದೇ ಆಫೀಸು. ಒಂದು ದಿನ ಪ್ಯಾಂಟ್ರಿ ಬಾಗಿಲ ಹೊರಗೆ ನಿಂತಿದ್ದಾಗ ಒಳಗಿನ ಮಾತು ಕಿವಿಗೆ ಬಿತ್ತು. "ಅವನು ಆ ಥರ ಅಲ್ವಾ?" ಅಂತ ಒಂದು ದನಿ. "ಅದೇನು ಕೇಳ್ತೀರಾ, ನೋಡಿದ್ರೇ ಗೊತ್ತಾಗುತ್ತೆ" ಅಂತ ಇನ್ನೊಂದು. ಇಲ್ಲಿವರೆಗೆ ನನಗೆ ಹೊಸದೇನಿರಲಿಲ್ಲ. ಮೂರನೆಯ ದನಿ ಹೇಳಿದ್ದು ಇವತ್ತಿಗೂ ನೆನಪಿದೆ: "ಪಾಪ, ಆ ರೂಮ್‌ಮೇಟ್ ಅವನ ಜೊತೆ ಅದ್ಹೇಗೆ ಇರ್ತಾನೋ!"

ಈ "ಆ ಥರ" ಅನ್ನೋ ಮಾತು ನೋಡಿ. ಸಲಿಂಗಿ ಅಂತ ಪದ ಇದೆ, ಗೇ ಅಂತ ಇದೆ, ಪತ್ರಿಕೆಗಳೂ ಬರೆಯುತ್ತವೆ. ಆದರೆ ಎದುರಾಎದುರು ಮಾತಾಡುವಾಗ ಯಾರ ಬಾಯಿಗೂ ಅದು ಬರುವುದಿಲ್ಲ. "ಆ ಥರ" ಅಂತಾರೆ. ಯಾವ ಥರ ಅಂತ ಕೇಳಿದರೆ ಹುಬ್ಬು ಏರಿಸುತ್ತಾರೆ. ಅಷ್ಟರಲ್ಲಿ ನಾವೇ ಅರ್ಥ ಮಾಡಿಕೊಳ್ಳಬೇಕು. ಹೇಳಿದವರು ಏನನ್ನೂ ಹೇಳಿಲ್ಲ. ಮುಂದೆ ತಪ್ಪು ಅಂತ ತೋರಿಸಲಿಕ್ಕೂ ನಮ್ಮ ಕೈಗೆ ಏನೂ ಸಿಗುವುದಿಲ್ಲ.

ಆರನೇ ವರ್ಷ ಒಂದು ರಾತ್ರಿ ಅವನೇ ಹೇಳಿದ. ದೀಪ ಆರಿಸಿ ಮಲಗಿದ್ದೆವು. "ನಾನು ಗೇ ಕಣೋ" ಅಂದ. ನಾನು "ಸುಮ್ನಿರೋ" ಅಂದೆ. ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಇನ್ನೊಂದು ಸಲ ಹೇಳಿದ. ನಾನು ಎದ್ದು ದೀಪ ಹಾಕಿದೆ. ಯಾಕೆ ಹಾಕಿದೆ ಅಂತ ನನಗೇ ಗೊತ್ತಿಲ್ಲ. ಬಹುಶಃ ಮುಖ ನೋಡಿದರೆ ಈಗಲಾದರೂ ಏನಾದರೂ ಕಾಣಬಹುದು ಅಂತ ಇರಬೇಕು. ಅದೇ ಗಡ್ಡ, ಅದೇ ಟೀ ಶರ್ಟ್.

ನನ್ನ ಕೆಲಸ ಆಡಿಟ್. ಇಪ್ಪತ್ತು ಸಾವಿರ ವೋಚರ್ ಇದ್ದರೆ ನೂರಿಪ್ಪತ್ತು ತೆಗೆದು ನೋಡುತ್ತೇವೆ. ಸ್ವಲ್ಪ ನೋಡಿ ಪೂರ್ತಿಯ ಬಗ್ಗೆ ಹೇಳುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಜನ ಸ್ವಲ್ಪ ನೋಡಿ ಅಂದಾಜು ಮಾಡುತ್ತಾರೆ ಅನ್ನೋದಕ್ಕೆ ನನಗೆ ಸಿಟ್ಟು ಬರಬಾರದು, ಬರುವುದೂ ಇಲ್ಲ. ಆದರೆ ನಮ್ಮ ಕೆಲಸದಲ್ಲಿ ಎರಡು ಕಟ್ಟುಪಾಡು ಇವೆ. ಕಣ್ಣಿಗೆ ಚೆನ್ನಾಗಿ ಕಂಡ ವೋಚರ್ ಎತ್ತಿಕೊಳ್ಳುವಂತಿಲ್ಲ. ಎತ್ತಿಕೊಂಡಿದ್ದನ್ನು ಬಿಲ್ ಜೊತೆ ತಾಳೆ ನೋಡದೆ ಬಿಡುವಂತಿಲ್ಲ.

"ನಂಗೆ ಒಂದೇ ನೋಟಕ್ಕೆ ಗೊತ್ತಾಗಿಬಿಡುತ್ತೆ" ಅನ್ನುವವರ ಹತ್ತಿರ ಈ ತಾಳೆ ಎಲ್ಲಿದೆ? ಅನುಮಾನಪಟ್ಟವನು ಮುಂದೊಂದು ದಿನ ಹೌದು ಅಂದರೆ "ನಾನು ಅವತ್ತೇ ಹೇಳಿರಲಿಲ್ವಾ" ಅಂತ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಅವರ ಕಣ್ಣಿಗೆ ಬೀಳದೇ ಹೋದ ನನ್ನ ರೂಮ್‌ಮೇಟ್‌ನಂಥವರು ಆ ಪುಸ್ತಕದಲ್ಲಿ ಬರುವುದೇ ಇಲ್ಲ, ಏಕೆಂದರೆ ಅವರು ಬಂದು ಹೇಳುವುದಿಲ್ಲ. ಇನ್ನು ನನ್ನಂಥವರು? ಒಬ್ಬ ಸಹೋದ್ಯೋಗಿಗೆ ನಾನೇ ನೇರವಾಗಿ ಹೇಳಿದ್ದೆ, "ನಾನು ಗೇ ಅಲ್ಲ, ಅಂದುಕೊಂಡ್ರೂ ಬೇಜಾರಿಲ್ಲ, ಆದ್ರೆ ಅಲ್ಲ" ಅಂತ. ಅವರು ಬಹಳ ಅಕ್ಕರೆಯಿಂದ ನನ್ನ ಭುಜ ತಟ್ಟಿದರು. "ನಿಮಗೆ ಯಾವಾಗ ಹೇಳಬೇಕು ಅನ್ಸುತ್ತೋ ಆಗ ಹೇಳಿ" ಅಂದರು. ಹೌದು ಅಂದರೆ ಅವರು ಗೆದ್ದರು. ಅಲ್ಲ ಅಂದರೆ ನಾನು ಹೆದರಿದ್ದೇನೆ. ಸೋಲುವ ದಾರಿಯೇ ಇಲ್ಲದ ಲೆಕ್ಕ ಅದು. ಇಂಥ ಲೆಕ್ಕ ಕಂಡರೆ ನಾವು ಸಹಿ ಹಾಕುವುದಿಲ್ಲ.

ಹಾಗಾದರೆ ನೋಡಿ ಏನೂ ಗೊತ್ತಾಗುವುದೇ ಇಲ್ಲವಾ? ಹಾಗೂ ಹೇಳಲು ಬರುವುದಿಲ್ಲ. ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಗೇ ಮತ್ತು ರೇಡಾರ್ ಸೇರಿಸಿ "ಗೇಡಾರ್" ಅಂತ ಒಂದು ಹೆಸರೇ ಇದೆ. 1999ರಲ್ಲಿ ಭಾರತ ಮೂಲದ ಮನೋವಿಜ್ಞಾನಿ ನಳಿನಿ ಅಂಬಾಡಿ ಮತ್ತು ಜೊತೆಗಾರರು ಜನರಿಗೆ ಶಬ್ದವಿಲ್ಲದ ಸಣ್ಣ ವೀಡಿಯೋ ತುಣುಕುಗಳನ್ನು ತೋರಿಸಿ, ಅದರಲ್ಲಿರುವವರು ಗೇ ಹೌದೋ ಅಲ್ಲವೋ ಅಂತ ಕೇಳಿದರು. ಕೆಲವು 10 ಸೆಕೆಂಡಿನವು, ಕೆಲವು 1 ಸೆಕೆಂಡಿನವು, ಕೆಲವು ಬರೀ ಫೋಟೋ. ಸುಮ್ಮನೆ ಊಹಿಸಿದ್ದರೆ ಬರುವುದಕ್ಕಿಂತ ಸ್ವಲ್ಪ ಹೆಚ್ಚೇ ಸರಿ ಬಂತು. 10 ಸೆಕೆಂಡ್ ನೋಡಿದವರು ಹೆಚ್ಚು ಸರಿ ಹೇಳಿದರು. 2008ರಲ್ಲಿ ಅಂಬಾಡಿ ಮತ್ತು ನಿಕೊಲಸ್ ರೂಲ್ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಗಂಡಸರ ಮುಖವನ್ನು ಬರೀ 50 ಮಿಲಿಸೆಕೆಂಡ್ ತೋರಿಸಿದರು. ಅಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಆಗಲೂ ಉತ್ತರ ಕಣ್ಣುಮುಚ್ಚಿ ಹೇಳಿದ್ದಕ್ಕಿಂತ ಮೇಲಿತ್ತು. 2012ರಲ್ಲಿ ಇನ್ನಿಬ್ಬರು ಸಂಶೋಧಕರು ಕೂದಲನ್ನು ಕತ್ತರಿಸಿ ತೆಗೆದ ಮುಖಗಳನ್ನು ತೋರಿಸಿದಾಗ ಹೆಂಗಸರ ಮುಖಕ್ಕೆ ನೂರಕ್ಕೆ ಸುಮಾರು 65, ಗಂಡಸರ ಮುಖಕ್ಕೆ ಸುಮಾರು 57 ಸರಿ ಬಂತು. ನಾಣ್ಯ ಚಿಮ್ಮಿ ಹೇಳಿದರೆ 50 ಬರುತ್ತದೆ, ಅದನ್ನು ಮರೆಯಬಾರದು.

ನಾನು ಇದನ್ನು ಮೊದಲ ಸಲ ಓದಿದಾಗ ಮುಖ ಸಪ್ಪಗಾಯಿತು. ಅವರಿಗೆ 50 ಮಿಲಿಸೆಕೆಂಡ್ ಸಾಕಾಯಿತು, ನನಗೆ ಆರು ವರ್ಷ ಸಾಲಲಿಲ್ಲ. ಆಮೇಲೆ ಪೆನ್ಸಿಲ್ ತೆಗೆದುಕೊಂಡೆ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಅರ್ಧ ಫೋಟೋ ಗೇ ಜನರದ್ದು, ಅರ್ಧ ಸ್ಟ್ರೇಟ್, ಅಂದರೆ ಗೇ ಅಲ್ಲದ ಜನರದ್ದು ಇಟ್ಟಿರುತ್ತಾರೆ. ಬೀದಿಯಲ್ಲಿ ಜನ ಹಾಗೆ ಅರ್ಧಕ್ಕರ್ಧ ಇರುವುದಿಲ್ಲ, ಅಲ್ವಾ? ಲೆಕ್ಕಕ್ಕೆ ಒಂದು ಸಾವಿರ ಗಂಡಸರನ್ನು ತೆಗೆದುಕೊಳ್ಳೋಣ. ಅವರಲ್ಲಿ 50 ಜನ ಗೇ ಅಂತ ಇಟ್ಟುಕೊಳ್ಳಿ. ನಿಮ್ಮ ಕಣ್ಣು ಬಹಳ ಚುರುಕು, ನೂರಕ್ಕೆ 80 ಸಲ ಸರಿ ಅಂತಲೇ ಇರಲಿ. 50ರಲ್ಲಿ 40 ಜನರನ್ನು ಹಿಡಿದಿರಿ. ಉಳಿದ 950 ಜನರಲ್ಲಿ ನೂರಕ್ಕೆ 20ರಂತೆ 190 ಜನರಿಗೆ ತಪ್ಪಾಗಿ ಬೆರಳು ತೋರಿಸಿದಿರಿ. ಒಟ್ಟು 230 ಜನ. ಅದರಲ್ಲಿ ಸರಿಯಾದದ್ದು 40. ನೂರಕ್ಕೆ 17. ಕಣ್ಣು 80ರ ಬದಲು 60ರಷ್ಟು ಸರಿ ಅಂದರೆ? 30 ಸರಿ, 380 ತಪ್ಪು. ನೂರಕ್ಕೆ 7 ಚಿಲ್ಲರೆ. ಏನೂ ನೋಡದೆ ಸಾವಿರ ಜನರಲ್ಲಿ ಯಾರಿಗೋ ಬೆರಳು ತೋರಿಸಿದ್ದರೂ ನೂರಕ್ಕೆ 5 ಬರುತ್ತಿತ್ತು. ಆ 380 ಜನರ ಸಾಲಿನಲ್ಲಿ ನಾನು ಎಲ್ಲೋ ನಡುವೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೇನೆ.

ಇನ್ನೊಂದು ವಿಷಯ ಫೋಟೋಗಳದ್ದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಲಿಯಂ ಕಾಕ್ಸ್ ಮತ್ತು ಜೊತೆಗಾರರಿಗೆ ಒಂದು ಅನುಮಾನ ಬಂತು. ಜಾಲತಾಣದ ಪ್ರೊಫೈಲ್‌ಗಳಿಂದ ತೆಗೆದ ಫೋಟೋಗಳಲ್ಲೇ ಏನಾದರೂ ವ್ಯತ್ಯಾಸ ಇದೆಯಾ ಅಂತ ನೋಡಿದರು. ಇತ್ತು. ಗೇ ಮತ್ತು ಲೆಸ್ಬಿಯನ್ ಜನ ಹಾಕಿಕೊಂಡಿದ್ದ ಫೋಟೋಗಳು ಸ್ವಲ್ಪ ಒಳ್ಳೆಯ ಗುಣಮಟ್ಟದವು. ಈ ವ್ಯತ್ಯಾಸವನ್ನು ತೆಗೆದುಹಾಕಿ ಮತ್ತೆ ಕೇಳಿದಾಗ ಜನರ ಊಹೆ ನಾಣ್ಯದ ಮಟ್ಟಕ್ಕೆ ಇಳಿಯಿತು. ಅವರು ಮಾಡಿದ ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ. ಕೆಲವರಿಗೆ "ಗೇಡಾರ್ ನಿಜವಾಗಿಯೂ ಇದೆ" ಅಂತ ಹೇಳಿದರು, ಕೆಲವರಿಗೆ "ಅದು ಬರೀ ಪೂರ್ವಗ್ರಹ" ಅಂದರು. ಇದೆ ಅಂತ ಕೇಳಿಸಿಕೊಂಡವರು, ಶಾಪಿಂಗ್ ಇಷ್ಟ ಅನ್ನುವಂಥ ಸಣ್ಣ ವಿವರ ಸಿಕ್ಕರೂ ಸಾಕು, ಅವನು ಗೇ ಅಂತ ಹೆಚ್ಚು ಸಲ ಹೇಳಿದರು. ಅಂದರೆ ಹೆಸರು ಬದಲಾದರೆ ಸಂಕೋಚ ಹೋಗುತ್ತದೆ. "ನಾನು ಗಾಸಿಪ್ ಮಾಡ್ತೀನಿ" ಅಂತ ಯಾರೂ ಹೇಳುವುದಿಲ್ಲ, "ನನಗೆ ಒಳಗಿಂದ ಗೊತ್ತಾಗುತ್ತೆ" ಅಂತಾರೆ.

ಕಂಪ್ಯೂಟರಿಗೂ ಈ ಹುಚ್ಚು ಹಿಡಿಸಿದರು. 2017ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು, ಮಿಖಾಲ್ ಕೊಸಿನ್ಸ್ಕಿ ಮತ್ತು ಯಿಲುನ್ ವಾಂಗ್, ಡೇಟಿಂಗ್ ಫೋಟೋಗಳನ್ನು ಕಂಪ್ಯೂಟರಿಗೆ ಕಲಿಸಿದರು. ಒಂದು ಗೇ, ಒಂದು ಸ್ಟ್ರೇಟ್, ಹೀಗೆ ಜೋಡಿ ಮುಖ ಕೊಟ್ಟರೆ ಯಾವುದು ಯಾವುದು ಅಂತ ಗಂಡಸರಲ್ಲಿ ನೂರಕ್ಕೆ 81, ಹೆಂಗಸರಲ್ಲಿ 71 ಸಲ ಅದು ಸರಿ ಹೇಳಿತು. ಮನುಷ್ಯರು 61 ಮತ್ತು 54. ದೊಡ್ಡ ಗದ್ದಲವಾಯಿತು. ಗೂಗಲ್‌ನ ಬ್ಲೇಸ್ ಅಗ್ಯುರಾ ಇ ಆರ್ಕಸ್, ಮಾರ್ಗರೆಟ್ ಮಿಚೆಲ್ ಮತ್ತು ಮನೋವಿಜ್ಞಾನಿ ಅಲೆಕ್ಸಾಂಡರ್ ಟೊಡೊರೊವ್ ಕೂತು ಅದನ್ನು ಬಿಡಿಸಿ ನೋಡಿದರು. ಕನ್ನಡಕ, ಗಡ್ಡ, ಮೇಕಪ್, ಫೋನನ್ನು ಮೇಲಿಂದ ಹಿಡಿದರಾ ಕೆಳಗಿಂದ ಹಿಡಿದರಾ, ಇವೇ ಬಹಳಷ್ಟನ್ನು ಹೇಳಿಬಿಡುತ್ತವೆ ಅಂತ ತೋರಿಸಿದರು. ಸೆಲ್ಫಿಯನ್ನು ಕೆಳಗಿಂದ ತೆಗೆದರೆ ದವಡೆ ದೊಡ್ಡದಾಗಿ ಕಾಣುತ್ತದೆ, ಮೇಲಿಂದ ತೆಗೆದರೆ ಗಲ್ಲ ಸಣ್ಣದಾಗುತ್ತದೆ. ಮೂಳೆಯ ಆಕಾರ ಅಂತ ಅಂದುಕೊಂಡಿದ್ದು ಕೈ ಎತ್ತಿದ ಎತ್ತರವೂ ಆಗಿರಬಹುದು. ನಾನು ಈ ಭಾಗ ಓದಿ ನನ್ನ ರೂಮ್‌ಮೇಟ್‌ನ ಹಳೆಯ ಸೆಲ್ಫಿಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲವೂ ಕೆಳಗಿಂದಲೇ, ಮೂಗಿನ ಹೊಳ್ಳೆ ಕಾಣುವ ಹಾಗೆ.

ಸಾಮಾನ್ಯ ಜನ ಬಿಡಿ, ಇದೇ ಓದಿಕೊಂಡವರ ಕಥೆ ಏನು? 1957ರಲ್ಲಿ ಕ್ಯಾಲಿಫೋರ್ನಿಯಾದ ಎವೆಲಿನ್ ಹುಕರ್ ಒಂದು ಕೆಲಸ ಮಾಡಿದರು. ಆಗ ಸಲಿಂಗ ಒಲವನ್ನು ಮನೋರೋಗ ಅಂತಲೇ ಪಟ್ಟಿ ಮಾಡಿದ್ದ ಕಾಲ. ಹುಕರ್ 30 ಗೇ ಗಂಡಸರನ್ನು, ವಯಸ್ಸು, ಓದು, ಬುದ್ಧಿಮಟ್ಟ ಹೊಂದುವ 30 ಸ್ಟ್ರೇಟ್ ಗಂಡಸರನ್ನು ತೆಗೆದುಕೊಂಡು ಎಲ್ಲರಿಗೂ ಶಾಯಿ ಕಲೆ ತೋರಿಸುವ ರೋಷಾಕ್ ಪರೀಕ್ಷೆಯ ಜೊತೆ ಇನ್ನೆರಡು ಪರೀಕ್ಷೆ ಮಾಡಿಸಿದರು. ಹೆಸರು ತೆಗೆದು ಉತ್ತರಗಳನ್ನು ಆ ಕಾಲದ ಹೆಸರಾಂತ ತಜ್ಞರ ಮುಂದಿಟ್ಟರು. ರೋಷಾಕ್ ನೋಡಿದವರಲ್ಲಿ ಬ್ರೂನೋ ಕ್ಲಾಪ್ಫರ್ ಒಬ್ಬರು, ಆ ಪರೀಕ್ಷೆಯಲ್ಲಿ ಅವರಿಗಿಂತ ದೊಡ್ಡ ಹೆಸರು ಸಿಗುವುದು ಕಷ್ಟ. ಯಾರು ಗೇ, ಯಾರು ಅಲ್ಲ ಅಂತ ಹೇಳಲು ತಜ್ಞರಿಂದ ಆಗಲಿಲ್ಲ. ಎರಡು ಗುಂಪೂ ಒಂದೇ ಹಾಗೆ ಕಂಡವು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆಯುವಾಗ ಈ ಕೆಲಸದ ನೆರವೂ ಇತ್ತು.

ಆದರೂ ತಜ್ಞರು ನಿಲ್ಲಿಸಲಿಲ್ಲ. ಶಾಯಿ ಕಲೆಯಲ್ಲಿ ಹೆಂಗಸಿನ ಬಟ್ಟೆ ಕಂಡರೆ, ಹಿಂಭಾಗ ಕಂಡರೆ ಅವನು ಆ ಥರ ಅಂತ ಹೇಳುವುದು ನಡೆದೇ ಇತ್ತು. 1969ರಲ್ಲಿ ಲೋರೆನ್ ಚಾಪ್ಮನ್ ಮತ್ತು ಅವರ ಹೆಂಡತಿ ಜೀನ್ ಚಾಪ್ಮನ್ ಇದನ್ನು ಹಿಡಿದರು. ಏನೂ ಗೊತ್ತಿಲ್ಲದ ವಿದ್ಯಾರ್ಥಿಗಳಿಗೆ ಒಂದಷ್ಟು ಕಾರ್ಡ್ ಕೊಟ್ಟರು. ಕಾರ್ಡಿನಲ್ಲಿ ಒಂದು ಕಲೆ, ಅದರಲ್ಲಿ ಏನು ಕಂಡಿತು ಅನ್ನೋ ಉತ್ತರ, ಕೆಳಗೆ ಆ ವ್ಯಕ್ತಿಯ ತೊಂದರೆ. ಗೇ ಆಗಿರುವುದೂ ಆಗ ತೊಂದರೆಯ ಲೆಕ್ಕವೇ. ಉತ್ತರಕ್ಕೂ ತೊಂದರೆಗೂ ಯಾವ ಸಂಬಂಧವೂ ಇಲ್ಲದ ಹಾಗೆ ಬೇಕಂತಲೇ ಹೊಂದಿಸಿದ್ದರು. ವಿದ್ಯಾರ್ಥಿಗಳು ನೋಡಿ ಬಂದು, ಹೆಂಗಸಿನ ಬಟ್ಟೆ ಕಂಡವರು ಹೆಚ್ಚಾಗಿ ಗೇ ಅಂತ ಹೇಳಿದರು. ವರ್ಷಗಟ್ಟಲೆ ಅನುಭವ ಇದ್ದ ತಜ್ಞರು ಹೇಳುತ್ತಿದ್ದ ಗುರುತುಗಳೂ ಅವೇ. ನಿಜಕ್ಕೂ ಸ್ವಲ್ಪ ಆಧಾರ ಇದ್ದ ಬೇರೆ ಎರಡು ಗುರುತು ತಜ್ಞರ ಬಾಯಲ್ಲಿ ಅಪರೂಪಕ್ಕೆ ಬರುತ್ತಿದ್ದವು, ಯಾಕೆಂದರೆ ಅವು ಕೇಳಲಿಕ್ಕೆ "ಹೌದಲ್ಲಾ" ಅನ್ನಿಸುವ ಹಾಗಿರಲಿಲ್ಲ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರಲ್ಲ, ಅದನ್ನು ಅಂಕಿ ಸಮೇತ ತೋರಿಸಿದ್ದು ಈ ದಂಪತಿ.

ಇನ್ನು ಕೆನಡಾದ ಯಂತ್ರದ ಕಥೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. 1960ರ ದಶಕದಲ್ಲಿ ಅಲ್ಲಿನ ಸರ್ಕಾರಕ್ಕೆ ತನ್ನ ನೌಕರರಲ್ಲಿ ಗೇ ಯಾರು ಅಂತ ಪತ್ತೆ ಮಾಡಬೇಕಿತ್ತು. ಫ್ರಾಂಕ್ ರಾಬರ್ಟ್ ವೇಕ್ ಅನ್ನೋ ಮನೋವಿಜ್ಞಾನದ ಪ್ರೊಫೆಸರ್ ಒಂದು ಉಪಾಯ ಕೊಟ್ಟರು. ಕುರ್ಚಿಯಲ್ಲಿ ಕೂರಿಸಿ ಗಂಡಸರ, ಹೆಂಗಸರ ಚಿತ್ರ ತೋರಿಸುವುದು, ಇಷ್ಟವಾದದ್ದು ಕಂಡು ಕಣ್ಣಿನ ಪಾಪೆ ಅಗಲವಾಗುತ್ತದಾ ಅಂತ ಕ್ಯಾಮೆರಾದಲ್ಲಿ ಹಿಡಿಯುವುದು. ಪಾಪೆ ಬೆಳಕಿಗೂ ಅಗಲ ಕಿರಿದಾಗುತ್ತದೆ. ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಕಪ್ಪಗೆ ಇದ್ದರೆ ಕೆಲಸ ಕೆಟ್ಟಿತು. ಜನರ ಎತ್ತರ ಬೇರೆ ಬೇರೆ, ಪಾಪೆಯ ಅಳತೆ ಬೇರೆ ಬೇರೆ. ಇದೆಲ್ಲದರ ಮೇಲೆ, ಹೋಲಿಸಿ ನೋಡಲು "ನಾರ್ಮಲ್" ಗಂಡಸರು ಬೇಕಲ್ಲ, ಪೊಲೀಸರನ್ನು ಕರೆದರೆ ಅವರು ಹಿಂದೇಟು ಹಾಕಿದರು. ಯಂತ್ರ ತಮ್ಮನ್ನೇ ಆ ಥರ ಅಂದುಬಿಟ್ಟರೆ? ಪೊಲೀಸರೇ ಅದಕ್ಕೆ "ಫ್ರೂಟ್ ಮೆಷಿನ್" ಅಂತ ಅಡ್ಡಹೆಸರು ಇಟ್ಟಿದ್ದರು, ಫ್ರೂಟ್ ಅನ್ನೋದು ಇಂಗ್ಲಿಷಿನಲ್ಲಿ ಗೇ ಗಂಡಸರನ್ನು ಹೀಯಾಳಿಸುವ ಪದ. 1967ರಲ್ಲಿ ಅದನ್ನು ಕೈಬಿಟ್ಟರು. ಆದರೆ ಯಂತ್ರ ಹೋದರೂ ಹುಡುಕಾಟ ನಿಲ್ಲಲಿಲ್ಲ, ಅನುಮಾನ, ವಿಚಾರಣೆ, ಚಾಡಿ ಮಾತಿನ ಮೇಲೆ ಎಷ್ಟೋ ಜನ ಕೆಲಸ ಕಳೆದುಕೊಂಡರು. 2017ರ ನವೆಂಬರ್‌ನಲ್ಲಿ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಉಲ್ಟಾ ಆಟವೂ ಇದೆ. ತನ್ನ ದೇಶದಲ್ಲಿ ಗೇ ಆಗಿದ್ದಕ್ಕೆ ಜೀವಕ್ಕೆ ಅಪಾಯ ಅಂತ ಯೂರೋಪಿಗೆ ಓಡಿ ಬಂದವನು, ತಾನು ಗೇ ಅಂತ ಅಧಿಕಾರಿಗೆ ನಂಬಿಸಬೇಕು. 2018ರಲ್ಲಿ ಆಸ್ಟ್ರಿಯಾದಲ್ಲಿ ಅಫ್ಘಾನಿಸ್ತಾನದ ಒಬ್ಬ ಹುಡುಗನ ಅರ್ಜಿ ತಿರಸ್ಕಾರವಾಯಿತು. ನಿನ್ನ ನಡಿಗೆಯಲ್ಲಾಗಲೀ ವರ್ತನೆಯಲ್ಲಾಗಲೀ ಬಟ್ಟೆಯಲ್ಲಾಗಲೀ ಅಂಥ ಸುಳಿವೇ ಇಲ್ಲ ಅಂತ ಅಧಿಕಾರಿ ಆದೇಶದಲ್ಲೇ ಬರೆದಿದ್ದ. ಅದೇ ಸುಮಾರಿಗೆ ಅದೇ ದೇಶದಲ್ಲಿ ಇರಾಕಿನಿಂದ ಬಂದ ಇನ್ನೊಬ್ಬನನ್ನು ಅತಿಯಾಗಿ ಹೆಣ್ಣಿನ ಹಾಗೆ ಆಡ್ತಾನೆ, ನಾಟಕ ಅಂತ ವಾಪಸ್ ಕಳಿಸಲು ನೋಡಿದ್ದರು. ಮುಖ ನೋಡಿ ಮಣೆ ಹಾಕುವುದು ಅಂದರೆ ಇದೇ. ಯೂರೋಪಿನ ನ್ಯಾಯಾಲಯ 2014ರ ಡಿಸೆಂಬರ್‌ನಲ್ಲೇ ಬರೀ ಸಿದ್ಧ ಕಲ್ಪನೆಗಳ ಮೇಲೆ ಪ್ರಶ್ನೆ ಕೇಳಿ ತೀರ್ಮಾನ ಮಾಡುವಂತಿಲ್ಲ ಅಂದಿತ್ತು. 2018ರ ಜನವರಿಯಲ್ಲಿ ಹಂಗೇರಿಯ ಒಂದು ಕೇಸಿನಲ್ಲಿ, ಒಲವು ಪತ್ತೆ ಮಾಡಲು ಮನೋಪರೀಕ್ಷೆ ಮಾಡಿಸುವುದೂ ಸಲ್ಲದು ಅಂತು. ಆ ಕೇಸಿನಲ್ಲಿ ಬಳಸಿದ್ದ ಪರೀಕ್ಷೆಗಳಲ್ಲಿ ಒಂದು ಯಾವುದು ಗೊತ್ತಾ? ಅದೇ ಶಾಯಿ ಕಲೆ. ಹುಕರ್ ಆಗಿ ಅರವತ್ತು ವರ್ಷ ಕಳೆದಿತ್ತು.

ನನ್ನ ರೂಮ್‌ಮೇಟ್ ಆ ಆಸ್ಟ್ರಿಯಾದ ಅಧಿಕಾರಿಯ ಮುಂದೆ ಹೋಗಿದ್ದರೆ ಎರಡು ನಿಮಿಷದಲ್ಲಿ ಹೊರಗೆ. ನಾನು ಹೋಗಿದ್ದರೆ ಮೊದಲ ದಿನವೇ ಕಾಗದ ಸಿಗುತ್ತಿತ್ತು. ಅಲ್ಲ, ನನ್ನನ್ನೂ ಅತಿಯಾಯಿತು ಅಂತ ಕಳಿಸುತ್ತಿದ್ದರೋ ಏನೋ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇದು. ಪ್ಯಾಂಟ್ರಿಯವರು ನೋಡಿದ್ದು ನನಗೆ ಯಾರು ಇಷ್ಟ ಅನ್ನೋದನ್ನಲ್ಲ. ಅದು ಕಣ್ಣಿಗೆ ಕಾಣುವ ವಸ್ತುವೂ ಅಲ್ಲ. ಅವರು ಅಳೆದದ್ದು ನಾನು ಎಷ್ಟು ಗಂಡಸು ಅಂತ. ಆ ಪರೀಕ್ಷೆಯಲ್ಲಿ ನನಗೆ ಅಂಕ ಕಡಿಮೆ ಬಂತು, ರೂಮ್‌ಮೇಟ್‌ಗೆ ಪೂರ್ತಿ ಬಂತು. ಅಂಕಪಟ್ಟಿಯ ಮೇಲೆ ಬೇರೆ ವಿಷಯದ ಹೆಸರು ಬರೆದರು, ಅಷ್ಟೇ. ಹೆಂಗಸರಿಗೂ ಇದೇ ಪರೀಕ್ಷೆ ಇದೆ, ಗಂಡುಬೀರಿ ಅಂತ ಹಳೆಯ ಪದವೂ ಇದೆ. ನನ್ನ ಅಕ್ಕ ಚಿಕ್ಕಂದಿನಿಂದ ತುಂಡು ಕೂದಲು, ಶರ್ಟು, ದೊಡ್ಡ ದನಿ. ಕಾಲೇಜಿನಲ್ಲಿ ಅವಳ ಬಗ್ಗೆ ಗುಸುಗುಸು ಇತ್ತು. ಮದುವೆಯಾದ ದಿನ ಅದು ನಿಂತಿತು. ಕೂದಲು ಈಗಲೂ ಹಾಗೇ ಇದೆ. ಮದುವೆ ಒಂದು ಸಿಕ್ಕರೆ ಬೇರೆ ಎಲ್ಲ ಸಾಕ್ಷಿಯೂ ಅಳಿಸಿಹೋಗುತ್ತದೆ. ಇಬ್ಬರ ಕಡೆಗೂ ಒಲವಿರುವ ಬೈಸೆಕ್ಷುಯಲ್ ಜನರಂತೂ ಈ ಅಂದಾಜಿನಲ್ಲಿ ಇಲ್ಲವೇ ಇಲ್ಲ. ಪಕ್ಕದಲ್ಲಿ ಯಾರು ನಿಂತಿದ್ದಾರೋ ಅದರ ಮೇಲೆ ಅವರನ್ನು ಈ ಕಡೆಗೋ ಆ ಕಡೆಗೋ ಹಾಕಿಬಿಡುತ್ತಾರೆ.

ಪಕ್ಕದಲ್ಲಿ ನಿಂತವರನ್ನು ನೋಡಿ ಹೇಳುವುದು ಅಂದಾಗ ನೆನಪಾಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಫೇಸ್‌ಬುಕ್ ಗೆಳೆಯರ ಪಟ್ಟಿ ಮಾತ್ರ ನೋಡಿ ಯಾವ ಗಂಡಸು ಗೇ ಅಂತ ಊಹಿಸಬಹುದಾ ಅಂತ ನೋಡಿದ್ದರು, 2009ರಲ್ಲಿ ಅದು ಪ್ರಕಟವಾಯಿತು. ಗೆಳೆಯರಲ್ಲಿ ಗೇ ಅಂತ ಹೇಳಿಕೊಂಡವರು ಹೆಚ್ಚಿದ್ದರೆ ಇವನೂ ಇರಬಹುದು ಅನ್ನೋದು ಅದರ ತಿರುಳು. ನನ್ನ ರೂಮ್‌ಮೇಟ್ ಕೆಲವು ವರ್ಷದ ಹಿಂದೆ ಎಲ್ಲರಿಗೂ ಹೇಳಿಕೊಂಡ. ಹಳೆಯ ಆಫೀಸಿನವರಿಗೂ ಸುದ್ದಿ ಹೋಯಿತು. ಅವರು ತಮ್ಮ ಲೆಕ್ಕ ತಿದ್ದಿಕೊಂಡಿರುತ್ತಾರೆ ಅಂತ ನಾನು ಕಾದೆ. ಅವರು ಹೇಳಿದ್ದು: "ಹಾಗಾದ್ರೆ ಇಬ್ರೂ ಆರು ವರ್ಷ... ನಾವು ಆಗಲೇ ಹೇಳಿರಲಿಲ್ವಾ!"

ನನಗೆ ಇದರಿಂದ ಆದ ತೊಂದರೆ ಸಣ್ಣದು. ನಗಬಹುದಾದ ತೊಂದರೆ. ಎಲ್ಲರಿಗೂ ಹಾಗಲ್ಲ. 2008ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಈಕ್ವೆಡಾರ್ ಮೂಲದ ಇಬ್ಬರು ಅಣ್ಣತಮ್ಮಂದಿರು ರಾತ್ರಿ ತೋಳಿಗೆ ತೋಳು ಸೇರಿಸಿಕೊಂಡು ನಡೆದು ಹೋಗುತ್ತಿದ್ದರು. ಕಾರಿನಲ್ಲಿ ಬಂದವರು ಅವರನ್ನು ಗೇ ಜೋಡಿ ಅಂದುಕೊಂಡು ಬೈದು, ಇಳಿದು ಹೊಡೆದರು. ಒಬ್ಬ ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ಸತ್ತುಹೋದ. ನಾನು ಈ ಸುದ್ದಿಯನ್ನು ರೂಮ್‌ಮೇಟ್‌ಗೆ ಹೇಳಿ, "ನೋಡೋ, ಅವರು ಗೇ ಕೂಡ ಆಗಿರಲಿಲ್ಲ" ಅಂದೆ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಆಗಿದ್ರೆ?" ಅಂದ. ನಾನು ಬಾಯಿ ಮುಚ್ಚಿಕೊಂಡೆ.

ಈ ಬರಹವನ್ನು ಹಾಕುವ ಮೊದಲು ಅವನಿಗೆ ಕಳಿಸಿದ್ದೆ. ಅವನ ಕಥೆ, ಅವನ ಒಪ್ಪಿಗೆ ಬೇಕು. ಎರಡು ಕಡೆ ತಿದ್ದಿದ್ದ. ಒಂದು, ಟೀ ಶರ್ಟ್ ಮೂರು ದಿನ ಅಲ್ಲ, ಎರಡು ದಿನ ಅಂತ. ಅದನ್ನು ನಾನು ಒಪ್ಪಿಲ್ಲ, ಮೂರೇ. ಇನ್ನೊಂದು ಕಡೆ ನಾನು "ಇದನ್ನೆಲ್ಲ ಅನುಭವಿಸಿದ್ದರಿಂದಲೋ ಏನೋ, ನಾನು ಮಾತ್ರ ಯಾರನ್ನೂ ಹಾಗೆ ಅಳೆದವನಲ್ಲ" ಅಂತ ಬರೆದಿದ್ದೆ. ಅದರ ಪಕ್ಕ ಅವನು "ಎರಡನೇ ವರ್ಷ, ಮೂರನೇ ಮಹಡಿಯವರು" ಅಂತ ಬರೆದು ಕಳಿಸಿದ್ದ.

ಮೂರನೇ ಮಹಡಿಯಲ್ಲಿ ಒಬ್ಬರು ಒಂಟಿಯಾಗಿ ಇದ್ದದ್ದು ನೆನಪಿದೆ. ಬಾಲ್ಕನಿ ತುಂಬ ಹೂವಿನ ಕುಂಡ, ಸಣ್ಣಗೆ ಹಾಡಿಕೊಂಡು ನೀರು ಹಾಕುತ್ತಿದ್ದರು. ಅಷ್ಟೇ ನೆನಪು. ಫೋನ್ ಮಾಡಿ ಕೇಳಿದೆ. ಒಂದು ರಾತ್ರಿ ನಾನು ರೂಮಿಗೆ ಬಂದು "ಅವರು ಆ ಥರ ಕಣೋ, ನೋಡಿದ್ರೆ ಗೊತ್ತಾಗಲ್ವಾ?" ಅಂದೆನಂತೆ. ಅವರ ನಡಿಗೆಯನ್ನು ಬಾಗಿಲಿಂದ ಕಿಟಕಿಯವರೆಗೆ ನಡೆದು ತೋರಿಸಿದೆನಂತೆ. "ನಾನೂ ನಕ್ಕೆ, ಚೆನ್ನಾಗೇ ಮಾಡಿದ್ದೆ" ಅಂದ. ಅದೇ ವಾರ ನನಗೆ ಹೇಳಬೇಕು ಅಂತ ಅವನು ಅಂದುಕೊಂಡಿದ್ದನಂತೆ.

ಮೊನ್ನೆ ಮನೆಗೆ ಬಂದಿದ್ದಾಗ ಹೇಗೆ ನಡೆದಿದ್ದೆ ತೋರಿಸು ಅಂದೆ. ಬೇಡ ಬಿಡೋ ಅಂದ. ಬಿಡಲಿಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಿದ, ಅಷ್ಟು ದೊಡ್ಡ ಆಳು, ಕೈ ಸ್ವಲ್ಪ ಮುಂದೆ ಮಾಡಿಕೊಂಡು. ಅದರಲ್ಲಿ ಮೂರನೇ ಮಹಡಿಯವರು ಎಷ್ಟಿದ್ದರೋ ಗೊತ್ತಿಲ್ಲ, ನಾನೇ ಜಾಸ್ತಿ ಇದ್ದೆ.

ಆ ವಾಕ್ಯ ತೆಗೆದಿದ್ದೇನೆ.